ಪುಸ್ತಕದ ಹೆಸರುಗಳಿಂದ ಪದ್ಯ ಕಟ್ಟೋಣ



ಪದ್ಯ ಬರೆಯಿರಿ ಅಂದರೆ ನಮ್ಮಲ್ಲಿ ತುಂಬ ಜನ ಪೆನ್ನು ಕಚ್ಚಿಕೊಂಡು ಸೂರು ನೋಡುತ್ತಾ ಕೂರುತ್ತಾರೆ. ಪ್ರಾಸ ಸಿಗಲ್ಲ, ಪದ ಬರಲ್ಲ ಅನ್ನುತ್ತಾರೆ. ಅಂಥವರಿಗೆ ಒಂದು ಸುಲಭ ದಾರಿ ಇದೆ. ಒಂದು ಪದವನ್ನೂ ನಾವು ಹೊಸದಾಗಿ ಬರೆಯಬೇಕಾಗಿಲ್ಲ. ಪುಸ್ತಕಗಳ ಹೆಸರನ್ನು ಒಂದರ ಕೆಳಗೆ ಒಂದು ಜೋಡಿಸಿದರೆ ಸಾಕು. ಅಂತ್ಯಾಕ್ಷರಿಯಲ್ಲಿ ಹಾಡು ಬೇರೆಯವರದು, ಆಟ ಮಾತ್ರ ನಮ್ಮದು ಅಲ್ವಾ? ಇದೂ ಹಾಗೇನೇ.

ನಮ್ಮ ಕನ್ನಡ ಮೇಷ್ಟ್ರು ಇದನ್ನು ಶನಿವಾರದ ಅವಧಿಯಲ್ಲಿ ಮಾಡಿಸಿದರು. ಅಮೆರಿಕದಲ್ಲಿ ನೀನಾ ಕಚದೂರಿಯನ್ ಎಂಬ ಕಲಾವಿದೆ 1993ರಿಂದ ಪುಸ್ತಕಗಳನ್ನು ಹೀಗೆ ಜೋಡಿಸಿ ಅವುಗಳ ಬೆನ್ನಿನ ಫೋಟೋ ತೆಗೆಯುತ್ತಾ ಬಂದಿದ್ದಾರಂತೆ.

ಬೇಕಾಗುವ ಸಾಮಗ್ರಿಗಳು

10-15 ಪುಸ್ತಕಗಳು. ದಪ್ಪ ಪುಸ್ತಕಕ್ಕೆ ಬೆನ್ನಿನ ಮೇಲೆ ಹೆಸರು ಇರುತ್ತೆ, ತೆಳು ಪುಸ್ತಕಕ್ಕೆ ಇರಲ್ಲ. ಅದಕ್ಕೆ ನಾವು ಪುಸ್ತಕಗಳನ್ನು ನೆಲದ ಮೇಲೆ ಮೆಟ್ಟಿಲಿನ ಹಾಗೆ, ಹೆಸರು ಕಾಣುವಂತೆ ಜೋಡಿಸಿದೆವು. ಪುಸ್ತಕ ಕಡಿಮೆ ಇದ್ದರೆ ಚಿಂತೆ ಬೇಡ. ಕನ್ನಡ ಪಠ್ಯಪುಸ್ತಕದಲ್ಲಿ ಕವಿ ಪರಿಚಯ ಇರುತ್ತದೆ. ಅದರಲ್ಲಿ ಕವಿಯ ಕೃತಿಗಳ ಹೆಸರು ಕೊಟ್ಟಿರುತ್ತಾರೆ. ಅವುಗಳನ್ನು ಚೀಟಿಗಳಲ್ಲಿ ಬರೆದುಕೊಳ್ಳಿ.

ನಿಯಮಗಳು

1. ಹೆಸರಿನ ಒಂದಕ್ಷರವನ್ನೂ ತೆಗೆಯಬಾರದು, ಸೇರಿಸಬಾರದು.
2. ಒಂದು ಹೆಸರು ಒಂದು ಸಾಲು.
3. ಜೋಡಿಸಿದ ಮೇಲೆ ಗಟ್ಟಿಯಾಗಿ ಓದಬೇಕು. ಕಿವಿಗೆ ಸರಿ ಅನ್ನಿಸದಿದ್ದರೆ ಜಾಗ ಬದಲಾಯಿಸಬೇಕು.

ಉದಾಹರಣೆ

ಬೆಳ್ಳಿ ಮೋಡ
ಸಂಜೆ ಐದರ ಮಳೆ
ಮರಳಿ ಮಣ್ಣಿಗೆ
ಹಸುರು ಹೊನ್ನು

ಮೊದಲನೆಯದು ತ್ರಿವೇಣಿಯವರ ಕಾದಂಬರಿ. ಎರಡನೆಯದು ಕೆ.ಎಸ್. ನಿಸಾರ್ ಅಹಮದ್ ಅವರ ಕವನ ಸಂಕಲನ. ಮೂರನೆಯದು ಶಿವರಾಮ ಕಾರಂತರ ಕಾದಂಬರಿ. ನಾಲ್ಕನೆಯದು ಗಿಡಮರಗಳ ಬಗ್ಗೆ ಬಿ.ಜಿ.ಎಲ್. ಸ್ವಾಮಿಯವರು ಬರೆದದ್ದು, ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ನಾಲ್ವರೂ ಬೇರೆ ಬೇರೆ ವಿಷಯ ಬರೆದವರು. ಪಕ್ಕಪಕ್ಕ ಇಟ್ಟ ಕೂಡಲೇ ಮೋಡ ಬಂತು, ಮಳೆ ಸುರಿಯಿತು, ನೀರು ಮಣ್ಣಿಗೆ ಇಳಿಯಿತು, ಪೈರು ಬಂತು!

ಈಗ ಕೊನೆಯ ಎರಡು ಸಾಲುಗಳನ್ನು ಅದಲುಬದಲು ಮಾಡಿ ಓದಿ. ಮೊದಲು ಹಸುರು, ಆಮೇಲೆ ಮರಳಿ ಮಣ್ಣಿಗೆ. ಎಲೆ ಉದುರಿ ಗೊಬ್ಬರವಾದಂತೆ ಆಯಿತು. ಪದ ಅವೇ, ಅರ್ಥ ಬೇರೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನುವುದರ ಮೇಲೆ ಅರ್ಥ ನಿಲ್ಲುತ್ತದೆ.

ವ್ಯಾಕರಣವೂ ಬೇಕು

ವಿಭಕ್ತಿ ಪ್ರತ್ಯಯ ಯಾತಕ್ಕೆ ಅಂತ ಕೇಳುವವರು ಇಲ್ಲಿ ನೋಡಿ. ‘ನೆನಪಿನ ದೋಣಿಯಲ್ಲಿ’ ಎಂಬುದು ಕುವೆಂಪು ಅವರ ಆತ್ಮಕಥೆ. ‘ಅಲ್ಲಿ’ ಅಂತ ಸಪ್ತಮಿ ವಿಭಕ್ತಿಯಲ್ಲಿ ಮುಗಿಯುತ್ತದೆ. ದೋಣಿಯಲ್ಲಿ ಏನಿದೆ ಅಂತ ಮನಸ್ಸು ಕೇಳುತ್ತೆ. ಅದರ ಕೆಳಗೆ ಕಾರಂತರ ‘ಮೂಕಜ್ಜಿಯ ಕನಸುಗಳು’ ಇಡಿ. ಉತ್ತರ ಸಿಕ್ಕಿತು! ಇಂಥ ಹೆಸರುಗಳು ಕಾಲುಸಂಕದ ಹಾಗೆ ಎರಡು ಸಾಲುಗಳನ್ನು ಸೇರಿಸುತ್ತವೆ.

ಕ್ರಿಯಾಪದ ಇರುವ ಹೆಸರು ಬಹಳ ಕಡಿಮೆ. ಸಿಕ್ಕರೆ ಕೊನೆಗೆ ಇಟ್ಟುಕೊಳ್ಳಿ. ತ್ರಿವೇಣಿಯವರ ಎರಡು ಕಾದಂಬರಿಗಳ ಹೆಸರು ನೋಡಿ:

ಹಣ್ಣೆಲೆ ಚಿಗುರಿದಾಗ
ಬಾನು ಬೆಳಗಿತು

ಒಂದು ಪೂರ್ತಿ ವಾಕ್ಯವೇ ಆಗಿಹೋಯಿತು.

ಚಿಕ್ಕ ಮಕ್ಕಳಿಗೆ ಕಲಿಸುವಾಗ

ಆಮೇಲೆ ನಾವು ಏಳನೆಯವರು ಮೂರನೇ ತರಗತಿಗೆ ಹೋಗಿ ಕಲಿಸಿದೆವು. ಅವರಿಗೆ ಎರಡೇ ಸಾಲು ಸಾಕು. ಅಕ್ಷರ ಕೂಡಿಸಿ ಕೂಡಿಸಿ ಓದುವ ಒಬ್ಬ ಹುಡುಗ ಈ ಎರಡು ಚೀಟಿ ಇಟ್ಟ:

ಬೆಕ್ಕಿನ ಕಣ್ಣು
ಹಣತೆ

ಒಂದು ತ್ರಿವೇಣಿಯವರದು, ಇನ್ನೊಂದು ಪು.ತಿ.ನ. ಅವರದು. ಯಾಕೆ ಇಟ್ಟೆ ಅಂತ ಕೇಳಿದ್ದಕ್ಕೆ “ಕರೆಂಟ್ ಹೋದಾಗ ನಮ್ಮನೆ ಬೆಕ್ಕಿನ ಕಣ್ಣು ಹಂಗೇ ಉರೀತದೆ” ಅಂದ. ‘ಹಾಗೆ’, ‘ಅಂತೆ’ ಅನ್ನದೆ ಇದೇ ಅದು ಅಂದುಬಿಟ್ಟರೆ ಅದಕ್ಕೆ ರೂಪಕ ಎನ್ನುತ್ತಾರೆ, ಹೈಸ್ಕೂಲಿನಲ್ಲಿ ಬರುತ್ತೆ ಅಂತ ಮೇಷ್ಟ್ರು ಹೇಳಿದರು. ಅದಕ್ಕೆ ಚಿಕ್ಕವರು ಇಟ್ಟದ್ದನ್ನು ತಪ್ಪು ಅನ್ನಬೇಡಿ. ಯಾಕೆ ಇಟ್ಟೆ ಅಂತ ಮಾತ್ರ ಕೇಳಿ.

ಹೇಳಲು ಆಗದ್ದನ್ನು ಹೇಳಬಹುದು

ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ನಮ್ಮ ತರಗತಿಯ ಒಬ್ಬ ಹುಡುಗಿ ಈ ಪದ್ಯ ಕಟ್ಟಿದಳು. ಹೆಸರು ಹಾಕಬೇಡ ಅಂದಿದ್ದಾಳೆ.

ಅವಳ ಮನೆ
ಮುಚ್ಚಿದ ಬಾಗಿಲು
ದೂರದ ಬೆಟ್ಟ
ತೆರೆದ ಬಾಗಿಲು

ಮೊದಲ ಮೂರು ತ್ರಿವೇಣಿಯವರ ಕಾದಂಬರಿಗಳು. ಕೊನೆಯದು ಕೆ.ಎಸ್. ನರಸಿಂಹಸ್ವಾಮಿಯವರ ಕವನ ಸಂಕಲನ. ಏಳನೇ ತರಗತಿ ಆದಮೇಲೆ ನಾವು ಓದಬೇಕಾದರೆ ಬೆಟ್ಟದ ಆಚೆಯ ಹೈಸ್ಕೂಲಿಗೆ ಹೋಗಬೇಕು. ಅವಳ ಮನೆಯಲ್ಲಿ ಇಷ್ಟೇ ಸಾಕು ಅಂತ ಹೇಳಿದ್ದಾರೆ. ಅವಳು ಎದುರು ಮಾತಾಡುವವಳಲ್ಲ.

ಪೋಷಕರ ಸಭೆಯ ದಿನ ಅವಳ ತಾಯಿ ಈ ಗೋಡೆಯ ಮುಂದೆ ನಿಂತರು. ಅವರಿಗೆ ಓದಲು ಬರುವುದಿಲ್ಲ. “ಇದೇನು ಬರ್ದಿರೋದು, ಓದವ್ವ” ಅಂತ ನನ್ನನ್ನು ಕೇಳಿದರು. ನಾನು ಓದಿದೆ. “ಯಾರು ಬರ್ದಿದ್ದು?” ಅಂದರು. “ನಾನು ಬರ್ದಿಲ್ಲಮ್ಮ, ಪುಸ್ತಕದ ಹೆಸ್ರು ಅಷ್ಟೇ, ನಾನು ಇಟ್ಟೆ” ಅಂದಳು ಅವಳು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು “ಕಡೇದು ಇನ್ನೊಂದ್ಸಲ ಓದವ್ವ” ಅಂದರು. ಮತ್ತೆ ಓದಿದೆ. ಅವರು ಮನೆಯಲ್ಲಿ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಆದರೆ ಹೈಸ್ಕೂಲಿನ ಅರ್ಜಿ ಯಾವಾಗ ಕೊಡುತ್ತಾರೆ ಅಂತ ಮೇಷ್ಟ್ರನ್ನು ಕೇಳಿಕೊಂಡು ಹೋದರು.

ನಿಮಗೊಂದು ಕೆಲಸ

ಕೆಳಗಿನ ಹೆಸರುಗಳಿಂದ ನಾಲ್ಕು ಸಾಲಿನ ಪದ್ಯ ಕಟ್ಟಿ:

ನಡೆದು ಬಂದ ದಾರಿ (ಗೋಪಾಲಕೃಷ್ಣ ಅಡಿಗ)
ಬೆಟ್ಟದ ಜೀವ (ಶಿವರಾಮ ಕಾರಂತ)
ಒಂಟಿ ದನಿ (ಶಿವರಾಮ ಕಾರಂತ)
ನಾಕುತಂತಿ (ದ.ರಾ. ಬೇಂದ್ರೆ)
ಮೈಸೂರ ಮಲ್ಲಿಗೆ (ಕೆ.ಎಸ್. ನರಸಿಂಹಸ್ವಾಮಿ)
ನೆಲ ಮುಗಿಲು (ಚೆನ್ನವೀರ ಕಣವಿ)

ಬರೆದ ಚೀಟಿಯನ್ನು ಏಳನೇ ತರಗತಿಯ ಕಿಟಕಿಯಲ್ಲಿಟ್ಟ ಡಬ್ಬಿಗೆ ಹಾಕಿ. ಯಾವ ತರಗತಿ ಅಂತ ಬರೆಯಲು ಮರೆಯಬೇಡಿ. ಚೆನ್ನಾಗಿರುವವನ್ನು ಮುಂದಿನ ಸಂಚಿಕೆಯಲ್ಲಿ ಇದೇ ಜಾಗದಲ್ಲಿ ಅಂಟಿಸುತ್ತೇವೆ. ಹೆಸರು ಓದಿ ಇಷ್ಟವಾದ ಪುಸ್ತಕವನ್ನು ಒಳಗೂ ಓದಿ ನೋಡಿ.

– 7ನೇ ತರಗತಿಯ ವಿದ್ಯಾರ್ಥಿನಿ