ಮೀಟರ್ ಕೂಡ ಒಂದು ಅಳತೆಯೇ

ವಯಸ್ಸಾದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಪ್ರತಿ ಸಲವೂ ಬಾಡಿಗೆ ಗಾಡಿ ಹುಡುಕಬೇಕು. ಮಕ್ಕಳ ಮದ್ರಸ, ಶಾಲೆ, ನೆಂಟರ ಮದುವೆ ಎಲ್ಲಕ್ಕೂ ಇದೇ ಪಾಡು. ವರ್ಷಗಟ್ಟಲೆ ದುಡಿದು ಉಳಿಸಿದ ಹಣಕ್ಕೆ ಪತ್ನಿಯ ಎರಡು ಬಳೆಗಳ ಹಣವನ್ನೂ ಸೇರಿಸಿ ನೀವು ಒಂದು ಹಳೆಯ ಕಾರು ಕೊಳ್ಳಲು ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಮಾರುವವರು ಪರಿಚಿತರೇ. ಶುಕ್ರವಾರ ಮಸೀದಿಯಲ್ಲಿ ನಿಮ್ಮ ಸಾಲಿನಲ್ಲೇ ನಿಲ್ಲುವವರು. "ಗಾಡಿಯ ಬಗ್ಗೆ ಏನೂ ಯೋಚಿಸಬೇಡಿ ಭಾಯಿ, ನಾನೊಬ್ಬನೇ ಓಡಿಸಿದ್ದು" ಎನ್ನುತ್ತಾರೆ. ಅವರ ಮುಂದೆ ಕಾಗದಪತ್ರ ಕೇಳಲು ನಿಮಗೆ ಸಂಕೋಚ. ಕೇಳಿದರೆ ಅನುಮಾನಪಟ್ಟಂತೆ ಆಗುವುದಿಲ್ಲವೇ?

ಈ ಸಂಕೋಚವನ್ನು ನಾವು ಸದ್ಭಾವನೆಯೆಂದು ತಿಳಿದುಕೊಂಡಿದ್ದೇವೆ. ಆದರೆ ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಕುರಿತಾಗಿದೆಯೆಂದು ಬಲ್ಲಿರಾ? ಅಲ್‌ಬಕರಾ ಅಧ್ಯಾಯದ 282ನೆಯ ಆ ವಚನ ಸಾಲದ ವ್ಯವಹಾರವನ್ನು ಬರೆದಿಡಬೇಕು, ಕ್ರಯವಿಕ್ರಯಕ್ಕೆ ಸಾಕ್ಷಿಗಳಿರಬೇಕು ಎಂದು ಬೋಧಿಸುತ್ತದೆ. ಸಾಲ ಸಣ್ಣದಿರಲಿ ದೊಡ್ಡದಿರಲಿ, ಬರೆಯಲು ಬೇಸರಿಸಬಾರದೆಂದು ತಾಕೀತು ಮಾಡುತ್ತದೆ. ಅದು ಸಂಬೋಧಿಸಿರುವುದು ಒಬ್ಬರನ್ನೊಬ್ಬರು ನಂಬದ ಶತ್ರುಗಳನ್ನಲ್ಲ, ಸತ್ಯವಿಶ್ವಾಸಿಗಳನ್ನು. ಅಂದಮೇಲೆ ದಾಖಲೆ ಕೇಳುವುದು ಸಹೋದರತ್ವಕ್ಕೆ ವಿರುದ್ಧವಲ್ಲ. ಸಹೋದರತ್ವ ಮುರಿಯದಂತೆ ಕಾಯುವುದೇ ಅದು.

ರಾಶಿಯೊಳಗಿನ ತೇವ

ಒಮ್ಮೆ ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಬಂದರು. ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಕೇಳಿದಾಗ, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಜನರಿಗೆ ಕಾಣುವಂತೆ ಅದನ್ನು ಮೇಲಕ್ಕೇಕೆ ಹಾಕಲಿಲ್ಲವೆಂದು ಪ್ರಶ್ನಿಸಿದ ಪ್ರವಾದಿವರ್ಯರು(ಸ), ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಇದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಘಟನೆ.

ಇದರಲ್ಲಿ ನಾವು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮಳೆ ಸುರಿದದ್ದು ವ್ಯಾಪಾರಿಯ ತಪ್ಪಲ್ಲ, ಒದ್ದೆಯನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲೆ ಹರಡಿದ್ದು ಅವನ ತಪ್ಪು. ಎರಡನೆಯದಾಗಿ, ಪ್ರವಾದಿವರ್ಯರು(ಸ) ಮೇಲ್ನೋಟಕ್ಕೆ ತೃಪ್ತರಾಗಿ ಮುಂದೆ ಹೋಗಲಿಲ್ಲ. ಕೈಯನ್ನು ರಾಶಿಯೊಳಕ್ಕೆ ಹಾಕಿ ನೋಡಿದರು. ಹಳೆಯ ಕಾರು ಕೊಳ್ಳುವವರು ಮಾಡಬೇಕಾದುದೂ ಅದನ್ನೇ. ಹೊಸದಾಗಿ ಹೊಡೆದ ಪೇಂಟು, ಸೀಟಿನ ಹೊಸ ಕವರು ಮೇಲಿನ ಒಣ ಧಾನ್ಯ. ತೇವ ಇರುವುದು ಒಳಗೆ.

ಕಾರಿನ ಪೂರ್ವಚರಿತ್ರೆ ಎಲ್ಲಿದೆ?

ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಕಡ್ಡಾಯವಾಗಿ ಪರೀಕ್ಷೆ ನಡೆಯುತ್ತದೆ. ಪರೀಕ್ಷೆಯಲ್ಲಿ ಕಂಡ ದೋಷ, ಆ ದಿನ ಮೀಟರ್ ತೋರಿಸಿದ ಅಂಕಿ ಎರಡೂ ಸರಕಾರಿ ದಾಖಲೆ ಸೇರುತ್ತವೆ. ನಂಬರ್ ಕೊಟ್ಟು ಯಾರು ಬೇಕಾದರೂ ಅದನ್ನು ಉಚಿತವಾಗಿ ನೋಡಬಹುದು. ನಮ್ಮಲ್ಲಿ ಹಾಗಿಲ್ಲ. ಬಿಳಿ ಬೋರ್ಡಿನ ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ನಡೆಯುತ್ತದೆ. ಆಮೇಲೆ ವಾಹನವನ್ನು ಪರೀಕ್ಷೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಬೇಕು. ಅಲ್ಲಿಯವರೆಗೆ ನಿಯಮಿತವಾಗಿ ನಡೆಯುವುದು ಎಮಿಷನ್ ಟೆಸ್ಟ್ ಮಾತ್ರ. ಅದು ಹೊಗೆಯನ್ನು ನೋಡುತ್ತದೆಯೇ ಹೊರತು ಬ್ರೇಕನ್ನಲ್ಲ. ಹಳದಿ ಬೋರ್ಡಿನ ವಾಹನಕ್ಕಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕು.

ಆದ್ದರಿಂದ ನಮ್ಮಲ್ಲಿ ಕಾರಿನ ಚರಿತ್ರೆಯನ್ನು ಕೊಳ್ಳುವವರೇ ನಾಲ್ಕಾರು ಕಡೆಯಿಂದ ಕೂಡಿಸಿಕೊಳ್ಳಬೇಕಾಗುತ್ತದೆ.

ಮೊದಲು ಆರ್.ಸಿ. ನೋಡಿ. ಎಷ್ಟನೆಯ ಮಾಲೀಕರು, ನೋಂದಣಿ ಎಲ್ಲಿಯವರೆಗೆ, ಬ್ಯಾಂಕಿನ ಸಾಲವಿದೆಯೇ ಎಂಬುದನ್ನು ಗಮನಿಸಿ. ಅದರಲ್ಲಿರುವ ಇಂಜಿನ್ ನಂಬರ್ ಮತ್ತು ಚಾಸಿ ನಂಬರನ್ನು ಗಾಡಿಯ ಮೇಲಿರುವುದರೊಂದಿಗೆ ಹೋಲಿಸಿ. ಸರಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ, ವಿಮೆ, ಎಮಿಷನ್ ಇವುಗಳ ಅವಧಿ ತಿಳಿಯುತ್ತದೆ. ಬಾಕಿ ಇರುವ ಪೊಲೀಸ್ ದಂಡವನ್ನೂ ನೋಡಿಕೊಳ್ಳಿ. ಹಿಂದೆ ಟ್ಯಾಕ್ಸಿಯಾಗಿದ್ದು ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂದು ನೇರವಾಗಿ ಕೇಳಿ. ಸಾಲ ತೀರಿದ್ದರೂ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್.ಒ.ಸಿ. ಹಾಗೂ ನಮೂನೆ 35 ಕೈಗೆ ಬರದೆ ಪೂರ್ಣ ಹಣ ಕೊಡಬೇಡಿ.

ಆಮೇಲೆ ಸರ್ವೀಸ್ ದಾಖಲೆ. ಕಂಪೆನಿಯ ಸರ್ವೀಸ್ ಕೇಂದ್ರದಲ್ಲಿ ಪ್ರತಿ ಭೇಟಿಯ ದಿನಾಂಕ, ಕಿಲೋಮೀಟರ್, ಮಾಡಿದ ಕೆಲಸ ದಾಖಲಾಗಿರುತ್ತದೆ. ಮಾಲೀಕರನ್ನೇ ಜೊತೆಗೆ ಕರೆದೊಯ್ದು ಕೇಳಿದರೆ ಆಯಿತು. ಮೂರು ವರ್ಷದ ಹಿಂದಿನ ಬಿಲ್ಲಿನಲ್ಲಿ 80 ಸಾವಿರ ಕಿಲೋಮೀಟರ್ ಇದ್ದು ಇಂದು ಮೀಟರಿನಲ್ಲಿ 52 ಸಾವಿರ ಇದ್ದರೆ ಬೇರೆ ಸಾಕ್ಷಿಯೇ ಬೇಕಿಲ್ಲ. ಬಿಲ್ಲು ಸಿಗದಿದ್ದರೆ ಪೆಡಲಿನ ರಬ್ಬರು, ಸ್ಟಿಯರಿಂಗಿನ ಸವೆತ ನೋಡಿ. ಟಯರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷವನ್ನು ಸೂಚಿಸುವ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೆಯ ವಾರ. ಕೇವಲ 20 ಸಾವಿರ ಓಡಿದೆಯೆನ್ನುವ ಕಾರಿಗೆ ನಾಲ್ಕೂ ಟಯರುಗಳನ್ನು ಯಾಕೆ ಬದಲಿಸಬೇಕಾಯಿತು?

ಮೂರನೆಯದು ವಿಮೆ. ಪಾಲಿಸಿಯಲ್ಲಿ 'ನೋ ಕ್ಲೇಮ್ ಬೋನಸ್' ಎಂಬ ಸಾಲೊಂದಿರುತ್ತದೆ. ಪರಿಹಾರ ಪಡೆಯದ ಮೊದಲ ವರ್ಷಕ್ಕೆ ಶೇಕಡಾ 20ರಿಂದ ಆರಂಭವಾಗಿ ಸತತ ಐದು ವರ್ಷಕ್ಕೆ ಶೇಕಡಾ 50ಕ್ಕೆ ಏರುವ ರಿಯಾಯಿತಿ ಅದು. ಒಮ್ಮೆ ಪರಿಹಾರ ಪಡೆದರೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಒಬ್ಬರ ಕೈಯಲ್ಲೇ ಏಳು ವರ್ಷವಿದ್ದ ಕಾರಿನ ಪಾಲಿಸಿಯಲ್ಲಿ ಅದು ಸೊನ್ನೆಯಾಗಿದ್ದರೆ ಕಾರಣ ಕೇಳಿ. ಬಾಗಿಲಿನ ಸಣ್ಣ ಗೀರಿಗಾಗಿಯೂ ಇರಬಹುದು, ಏರ್‌ಬ್ಯಾಗ್ ಬಿಚ್ಚಿದ ಅಪಘಾತಕ್ಕಾಗಿಯೂ ಇರಬಹುದು. ಆ ಏರ್‌ಬ್ಯಾಗನ್ನು ಮತ್ತೆ ಹಾಕಿಸಿದ್ದಾರೆಯೇ? ಆ ಸೀಟಿನಲ್ಲಿ ನಾಳೆ ಕೂರುವವರು ನಿಮ್ಮ ಮನೆಯವರು.

ನಾಲ್ಕನೆಯದು ನೀರು. 2018ರಲ್ಲಿ ಕೊಡಗು, 2019ರಲ್ಲಿ ಬೆಳಗಾವಿ, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು ಸುತ್ತಮುತ್ತ ನೆರೆ ಬಂದದ್ದನ್ನು ಕಂಡಿದ್ದೇವೆ. ನೀರಿನಲ್ಲಿ ಮುಳುಗಿದ ಕಾರನ್ನು ತೊಳೆದು ಒಣಗಿಸಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ಕೆಸರಿನ ಗುರುತು ಅಲ್ಲಿ ಉಳಿದಿರುತ್ತದೆ. ಕಾಲಡಿಯ ಮ್ಯಾಟ್ ಎತ್ತಿ ತುಕ್ಕು ಹಿಡಿದಿದೆಯೇ ನೋಡಿ. ಎಲ್ಲ ಆದ ಮೇಲೆ ನಿಮ್ಮದೇ ನಂಬಿಕೆಯ ಮೆಕ್ಯಾನಿಕ್‌ಗೆ ಗಾಡಿ ತೋರಿಸಿ. ಮಾರುವವರ ಮೆಕ್ಯಾನಿಕ್‌ಗಲ್ಲ, ಕಮಿಷನ್ ಪಡೆಯುವ ಬ್ರೋಕರಿಗೂ ಅಲ್ಲ.

ಹೆಸರು ಬದಲಾಯಿಸದಿದ್ದರೆ

ಕಾರು ಕೈ ಬದಲಾದ ಮೇಲೆ ಹೆಸರು ಬದಲಾಯಿಸಲು ಉದಾಸೀನ ಮಾಡುವವರು ನಮ್ಮಲ್ಲಿ ಬಹಳ. ಕಾನೂನಿನ ಪ್ರಕಾರ ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್.ಟಿ.ಒ.ಗೆ ತಿಳಿಸಬೇಕು. ನಮೂನೆ 29 ಮತ್ತು 30 ಇದಕ್ಕಾಗಿಯೇ ಇವೆ. ಹಲವರ ಕೈ ದಾಟಿದರೂ ಹೆಸರು ಬದಲಾಗದಿದ್ದ ಕಾರೊಂದರ ಅಪಘಾತ ಪ್ರಕರಣದಲ್ಲಿ, ದಾಖಲೆಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ನೀಡಿತು. ನೀವು ಕಾರು ಮಾರಿ ಹಣ ಎಣಿಸಿಕೊಂಡು ಮರೆತಿರಬಹುದು, ದಾಖಲೆ ನಿಮ್ಮನ್ನು ಮರೆತಿರುವುದಿಲ್ಲ. ವಿಮೆಯ ಕಂಪೆನಿಗೂ 14 ದಿನದೊಳಗೆ ತಿಳಿಸಿ ಪಾಲಿಸಿಯನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸಬೇಕು.

ಈಗ ನೀವು ಮಾರುವವರು

ಇದುವರೆಗೆ ಓದಿದ ನೀವು, ಮೋಸ ಹೋಗದಿರುವ ದಾರಿ ತಿಳಿಯಿತೆಂದು ಸಮಾಧಾನಪಟ್ಟಿರಬಹುದು. ಆದರೆ ಪಾಠದ ಕಠಿಣ ಭಾಗ ಉಳಿದಿರುವುದು ಇಲ್ಲೇ. ಇನ್ನು ಐದು ವರ್ಷಕ್ಕೆ ಇದೇ ಕಾರನ್ನು ನೀವು ಮಾರಲು ನಿಲ್ಲುತ್ತೀರಿ. ಆಗ ಬ್ರೋಕರ್ ಬಂದು, "ಮೀಟರನ್ನು ಒಂದು ಮೂವತ್ತು ಸಾವಿರ ಹಿಂದಕ್ಕೆ ಇಟ್ಟರೆ ನಿಮಗೇ ಲಾಭ, ಎಲ್ಲರೂ ಮಾಡುವುದೇ" ಎನ್ನುತ್ತಾನೆ. ಆಗ ನಿಮ್ಮ ಉತ್ತರವೇನು?

ಮದ್‌ಯನ್ ಜನಾಂಗವನ್ನು ನೆನಪಿಸಿಕೊಳ್ಳಿ. ಅಳತೆ ಮತ್ತು ತೂಕವನ್ನು ಪೂರ್ಣವಾಗಿ ಕೊಡಿರೆಂದು, ಜನರ ವಸ್ತುಗಳಲ್ಲಿ ಕಡಿತ ಮಾಡಬೇಡಿರೆಂದು ಪ್ರವಾದಿ ಶುಐಬ್(ಅ) ಅವರನ್ನು ಕೇಳಿಕೊಂಡರು. ಅವರು ಕಿವಿಗೊಡಲಿಲ್ಲ, ನಾಶವಾದರು. ಅಂದು ಅಳತೆಯೆಂದರೆ ಸೇರು, ತಕ್ಕಡಿ. ಇಂದು ಕಾರಿನ ಮೀಟರ್ ಕೂಡ ಒಂದು ಅಳತೆಯೇ. ಅದನ್ನು ಹಿಂದಕ್ಕೆ ತಿರುಗಿಸುವವನಿಗೂ ತಕ್ಕಡಿಯ ತಳಕ್ಕೆ ಕಲ್ಲು ಅಂಟಿಸುವವನಿಗೂ ಅಲ್ಲಾಹನ ಬಳಿ ವ್ಯತ್ಯಾಸವಿರುವುದೇ?

ವಸ್ತುವಿನಲ್ಲಿ ದೋಷವಿದ್ದರೆ ಅದನ್ನು ತಿಳಿಸದೆ ಸಹೋದರನಿಗೆ ಮಾರುವುದು ಮುಸ್ಲಿಮನಿಗೆ ಸಮ್ಮತವಲ್ಲವೆಂದು ಪ್ರವಾದಿವರ್ಯರು(ಸ) ಕಲಿಸಿರುವುದು ಇಬ್ನುಮಾಜದಲ್ಲಿದೆ. ಬಚ್ಚಿಟ್ಟ ದೋಷ ಅನಂತರ ಕಂಡುಬಂದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕು ಕೊಂಡವರಿಗಿದೆಯೆಂದು ಕರ್ಮಶಾಸ್ತ್ರ ಹೇಳುತ್ತದೆ. ಕೊಂಡವರು ಕೇಳಲಿಲ್ಲ, ನಾನು ಹೇಳಲಿಲ್ಲ ಎಂಬ ಸಬೂಬು ಇಲ್ಲಿ ನಡೆಯದು. ಕೇಳುವುದು ಅವರ ಜಾಣ್ಮೆ, ಹೇಳುವುದು ನಿಮ್ಮ ಕರ್ತವ್ಯ. ಕೊಂಡವರು ಮುಸ್ಲಿಮೇತರ ನೆರೆಯವರಾದರೂ ಈ ಹೊಣೆ ಕಿಂಚಿತ್ತೂ ಕಡಿಮೆಯಾಗುವುದಿಲ್ಲ.

ಆದ್ದರಿಂದ ಒಂದು ಅಭ್ಯಾಸ ಮಾಡಿಕೊಳ್ಳಿ. ಕಾರು ಕೊಂಡ ದಿನವೇ ಒಂದು ಕಡತ ಮಾಡಿ. ಸರ್ವೀಸ್ ಬಿಲ್ಲು, ವಿಮೆ, ಎಮಿಷನ್ ಚೀಟಿ, ಗುದ್ದಿಸಿಕೊಂಡರೆ ಟಿಂಕರಿಂಗ್ ಮಾಡಿಸಿದ ರಶೀದಿ, ಎಲ್ಲವನ್ನೂ ಅದರಲ್ಲಿಡಿ. ಮಾರುವ ದಿನ ಕೊಳ್ಳುವವರು ಕೇಳುವ ಮೊದಲೇ ಅದನ್ನು ಅವರ ಮುಂದಿಟ್ಟು, "ಎಡಗಡೆ ಬಾಗಿಲು ಒಮ್ಮೆ ಗುದ್ದಿದೆ, ಕ್ಲಚ್ ಇನ್ನು ಹೆಚ್ಚು ದಿನ ಬರದು" ಎಂದು ಹೇಳಿಬಿಡಿ. ಹತ್ತೋ ಇಪ್ಪತ್ತೋ ಸಾವಿರ ಕಡಿಮೆ ಸಿಗಬಹುದು. ಆದರೆ ಕೊಳ್ಳುವವನೂ ಮಾರುವವನೂ ಸತ್ಯ ಹೇಳಿ ದೋಷವನ್ನು ಸ್ಪಷ್ಟಪಡಿಸಿದರೆ ವ್ಯವಹಾರದಲ್ಲಿ ಬರಕತ್ ಇರುವುದೆಂದೂ ಮುಚ್ಚಿಟ್ಟರೆ ಅದು ಅಳಿಸಿಹೋಗುವುದೆಂದೂ ಬುಖಾರಿ ಮತ್ತು ಮುಸ್ಲಿಮ್ ವರದಿ ಮಾಡಿದ ಹದೀಸ್ ನಮಗೆ ತಿಳಿಸುತ್ತದೆ.

ಮುಂದಿನ ಶುಕ್ರವಾರ ಆ ಕಾರು ಕೊಂಡವರು ಮಸೀದಿಯಲ್ಲಿ ನಿಮ್ಮ ಪಕ್ಕದಲ್ಲಿ ನಿಂತಾಗ, ಅವರ ಮುಖ ನೋಡಿ ಸಲಾಮ್ ಹೇಳಲು ನಿಮಗೆ ಸಾಧ್ಯವಾಗಲಿ.