ಅಪ್ಪ ಬಂದಾಗ ಮನೆ ನಗಲಿ



ಹಟ ಹಿಡಿದ ಮಗುವನ್ನು ಸುಮ್ಮನಿರಿಸಲು ನಮ್ಮ ಕಡೆಯ ತಾಯಂದಿರು ಹೇಳುವ ಮಾತೊಂದಿದೆ: "ತಾಳು, ನಿಮ್ಮಪ್ಪ ಬರಲಿ." ದೊಡವಾಡದ ಓಣಿಯಲ್ಲಿ ಸಂಜೆ ಹೊತ್ತು ನಡೆದು ಹೋದರೆ ಒಂದೆರಡು ಮನೆಯಿಂದಲಾದರೂ ಈ ಮಾತು ಕೇಳಿಸೀತು. ಇದರಲ್ಲಿ ತಾಯಿಯ ತಪ್ಪನ್ನು ಹುಡುಕುವುದು ಬೇಡ. ಮನೆ, ದನ, ಹೊಲ ಎಲ್ಲವನ್ನೂ ನೋಡಿಕೊಂಡು ದಣಿದವಳ ಬಾಯಿಂದ ಬರುವ ಮಾತು ಅದು. ಆದರೆ ದಿನವೂ ಅದನ್ನೇ ಕೇಳುವ ಮಗುವಿನ ಮನಸ್ಸಿನಲ್ಲಿ ಅಪ್ಪ ಎಂದರೆ ಯಾರು? ಸಂಜೆಗೆ ಬರುವ ಶಿಕ್ಷೆ! ಬಾಗಿಲಲ್ಲಿ ಬೈಕಿನ ಸದ್ದಾದೊಡನೆ ಆಟ ನಿಲ್ಲುತ್ತದೆ, ನಗು ನಿಲ್ಲುತ್ತದೆ, ಪುಸ್ತಕ ತೆರೆಯುತ್ತದೆ. ಅಪ್ಪ ಒಳಗೆ ಬಂದು ಇದನ್ನು ಕಂಡು, "ಮಕ್ಕಳು ಶಿಸ್ತಿನಲ್ಲಿದ್ದಾರೆ" ಎಂದು ಸಮಾಧಾನಪಡುತ್ತಾನೆ. ಅದು ಶಿಸ್ತೋ, ಅಂಜಿಕೆಯೋ?

ನಮ್ಮ ತಂದೆಯಂದಿರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲವೆಂದು ಯಾರೂ ಹೇಳಲಾರರು. ಕಬ್ಬು ಕಡಿಯುವ ಹಂಗಾಮಿನಲ್ಲಿ ರಾತ್ರಿ ನಿದ್ದೆಗೆಟ್ಟು ಗಾಡಿ ತುಂಬಿಸುವುದು, ಸಾಲ ಮಾಡಿ ಶಾಲೆಯ ಫೀ ಕಟ್ಟುವುದು ಯಾರಿಗಾಗಿ? ಮಕ್ಕಳಿಗಾಗಿಯೇ. ಪ್ರಶ್ನೆ ಇಷ್ಟೇ: ಆ ಪ್ರೀತಿ ಮಗುವಿಗೆ ತಲುಪಿದೆಯೆ? ತನ್ನ ಜೊತೆಯಲ್ಲಿರುವುದು ಅಪ್ಪನಿಗೆ ಸಂತೋಷ ಕೊಡುತ್ತದೆ ಎಂಬುದು ಆ ಮಗುವಿಗೆ ಗೊತ್ತಿದೆಯೆ?

ಹೊಲದಲ್ಲಿದ್ದ ಹಿರಿಯ ಮಗ

ಸಂತ ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಬರುವ ದುಂದುಗಾರ ಮಗನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಕಿರಿಯ ಮಗನ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಇಂದು ಹಿರಿಯವನನ್ನು ಗಮನಿಸಿರಿ. ತಮ್ಮ ಮರಳಿ ಬಂದಾಗ ಆತ ಎಲ್ಲಿದ್ದ? ಹೊಲದಲ್ಲಿ! ವರ್ಷಗಟ್ಟಲೆ ತಂದೆಯ ಮನೆಯಲ್ಲೇ ಇದ್ದವನು, ತಂದೆಯ ಹೊಲದಲ್ಲೇ ದುಡಿದವನು. ಆದರೂ ತನ್ನನ್ನು ಆಳಿನಂತೆ ಎಣಿಸಿಕೊಂಡಿದ್ದ. ಗೆಳೆಯರ ಜೊತೆ ಸಂತೋಷಪಡಲು ಒಂದು ಆಡಿನ ಮರಿಯೂ ತನಗೆ ದೊರೆಯಲಿಲ್ಲವೆಂಬುದು ಆತನ ದೂರು.

ತಂದೆ ಜಿಪುಣನಾಗಿರಲಿಲ್ಲ. ತನ್ನದೆಲ್ಲವೂ ಮಗನದೇ ಎಂದು ಆತ ತಿಳಿದಿದ್ದ. ಮಗನಿಗೆ ಮಾತ್ರ ಅದು ತಿಳಿದಿರಲಿಲ್ಲ. ರೈತಾಪಿ ಕುಟುಂಬಗಳು ಈ ಮಾತನ್ನು ವಿಶೇಷವಾಗಿ ಯೋಚಿಸಬೇಕು. ನಗರದ ಮಕ್ಕಳಿಗೆ ಅಪ್ಪ ಹಗಲು ಹೊತ್ತು ಕಣ್ಣಿಗೇ ಬೀಳುವುದಿಲ್ಲ. ನಮ್ಮ ಮಕ್ಕಳಾದರೋ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಾರೆ, ಸಂತೆಗೆ ಹೋಗುತ್ತಾರೆ, ದನದ ಕೊಟ್ಟಿಗೆಯಲ್ಲಿ ಜೊತೆಗಿರುತ್ತಾರೆ. ಒಟ್ಟಿಗಿರುವ ಗಂಟೆಗಳು ನಮಗೆ ಕಡಿಮೆಯಿಲ್ಲ. ಆದರೆ ಆ ಗಂಟೆಗಳಲ್ಲಿ ಕೇಳಿಬರುವ ಮಾತು ಯಾವುದು? "ಅದನ್ನ ತಾ, ಇದನ್ನ ಹಿಡಿ, ಹಂಗಲ್ಲ, ಹಿಂಗ" ಎಂಬುದಷ್ಟೇ ಆದರೆ ಮನೆಯಲ್ಲಿದ್ದೂ ಆಳಾಗಿ ಬೆಳೆಯುವ ಹಿರಿಯ ಮಗನನ್ನು ನಾವೇ ಬೆಳೆಸುತ್ತೇವೆ.

ಬಡಗಿಯ ಮನೆ

ಶುಭಸಂದೇಶಗಳಲ್ಲಿ ಸಂತ ಜೋಸೆಫರು ಆಡಿದ ಒಂದು ಮಾತೂ ದಾಖಲಾಗಿಲ್ಲ. ಆದರೆ ಒಂದು ಸುಳಿವಿದೆ. ಸಂತ ಮತ್ತಾಯ (13:55) ಯೇಸುವನ್ನು ಬಡಗಿಯ ಮಗನೆಂದು ಊರವರು ಕರೆದದ್ದನ್ನು ಬರೆದರೆ, ಸಂತ ಮಾರ್ಕನಲ್ಲಿ (6:3) ಅವರು ಯೇಸುವನ್ನೇ ಬಡಗಿ ಎನ್ನುತ್ತಾರೆ. ಕೈಕೆಲಸ ಪುಸ್ತಕದಿಂದ ಬರುವುದಿಲ್ಲ. ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ವರ್ಷಗಟ್ಟಲೆ ನಿಂತು ನೋಡಿ, ತಪ್ಪಿ, ತಿದ್ದಿಕೊಂಡು ಕಲಿಯುವಂಥದ್ದು. ಪ್ರತಿ ವರ್ಷ ಪಾಸ್ಕಹಬ್ಬಕ್ಕೆ ಈ ಕುಟುಂಬ ನಜರೇತಿನಿಂದ ಜೆರುಸಲೇಮಿಗೆ ಹೋಗುತ್ತಿತ್ತು. ನೂರು ಕಿ.ಮೀ.ಗೂ ಮಿಕ್ಕಿದ ದಾರಿ, ಹಲವು ದಿನಗಳ ನಡಿಗೆ. ಆ ದಾರಿಯಲ್ಲಿ ಎಷ್ಟು ಮಾತು ನಡೆದಿರಬೇಡ!

ಮುಂದೆ ಪ್ರಭು ಬೋಧಿಸಲು ನಿಂತಾಗ, ಸಂತೆಪೇಟೆಯಲ್ಲಿ ಕೊಳಲೂದಿ ಆಡುವ ಮಕ್ಕಳು (ಲೂಕ 7:32), ರಾತ್ರಿ ಮಕ್ಕಳನ್ನು ಮಗ್ಗುಲಲ್ಲಿ ಮಲಗಿಸಿಕೊಂಡ ಮನುಷ್ಯ (ಲೂಕ 11:7), ಮೀನು ಕೇಳಿದ ಮಗನಿಗೆ ಹಾವು ಕೊಡದ ತಂದೆ (ಲೂಕ 11:11) ಅವರ ಬೋಧನೆಯಲ್ಲಿ ಬಂದರು. ಒಂದು ಸಾಮಾನ್ಯ ಮನೆಯ ದಿನಚರಿಯನ್ನು ಹತ್ತಿರದಿಂದ ಕಂಡವರ ಮಾತುಗಳಿವು. ಗೆತ್ಸೆಮನೆಯ ಸಂಕಟದಲ್ಲಿ ಪರಮ ಪಿತನನ್ನು ಅವರು ಕರೆದದ್ದು 'ಅಬ್ಬಾ' ಎಂಬ ಮನೆಮಾತಿನಿಂದ. ನಮ್ಮ 'ಅಪ್ಪಾ'ಗೆ ಎಷ್ಟು ಹತ್ತಿರದ ಪದ! ನಿಮ್ಮ ಮಗು 'ಅಪ್ಪಾ' ಎನ್ನುವಾಗ ಅದರ ದನಿಯಲ್ಲಿ ಭರವಸೆ ಇದ್ದರೆ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆ ಅದಕ್ಕೆ ಸುಲಭವಾಗುತ್ತದೆ. ಆ ದನಿಯಲ್ಲಿ ಬರೀ ಅಂಜಿಕೆ ಇದ್ದರೆ, ಆ ಪ್ರಾರ್ಥನೆಯೂ ಅಂಜಿಕೆಯದೇ ಆದೀತು.

ಕೂತಾಗ, ನಡೆದಾಗ, ಮಲಗುವಾಗ

ಧರ್ಮೋಪದೇಶಕಾಂಡ 6:7ರಲ್ಲಿ ದೇವರ ಮಾತನ್ನು ಮಕ್ಕಳಿಗೆ ಯಾವಾಗ ಕಲಿಸಬೇಕೆಂದು ಹೇಳಿದೆ. ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಅದಕ್ಕೆಂದು ಬೇರೆ ಸಮಯ ತೆಗೆದಿಡಲು ಅಲ್ಲಿ ಹೇಳಿಲ್ಲ. ದಿನವೂ ಇರುವ ಹೊತ್ತನ್ನೇ ಬಳಸಲು ಹೇಳಿದೆ. ನಮ್ಮ ದಿನದಲ್ಲಿ ಆ ಹೊತ್ತುಗಳು ಯಾವುವು?

ಶಾಲೆಗೆ ಬಿಡಲು ಬೈಕಿನಲ್ಲಿ ಹೋಗುವ ಹತ್ತು ನಿಮಿಷ. ಎಮ್ಮೆ ಮೈ ತೊಳೆಯುವ ಅರ್ಧ ತಾಸು. ಸಂತೆಯಿಂದ ಮರಳುವಾಗ ಚುರುಮುರಿ ಪೊಟ್ಟಣ ಬಿಚ್ಚಿ ಹಂಚಿಕೊಂಡು ತಿನ್ನುವ ದಾರಿ. ರಾತ್ರಿ ಜಪಸರ ಮುಗಿದು ದೀಪ ಆರಿಸುವ ಮುಂಚಿನ ನಾಲ್ಕು ಮಾತು. ಆ ಹೊತ್ತಿನಲ್ಲಿ ಅಂಕಗಳನ್ನು ಕೇಳಬೇಡಿರಿ. ಇಂದು ಶಾಲೆಯಲ್ಲಿ ನಗು ಬಂದದ್ದು ಯಾವುದಕ್ಕೆ ಎಂದು ಕೇಳಿರಿ. ಮಗು ಹೇಳುವಾಗ ಮಧ್ಯೆ ತಿದ್ದಬೇಡಿರಿ. ನಿಮ್ಮ ಬಾಲ್ಯದ ಬುಗುರಿ, ಗೋಲಿ, ಚಿಣಿಕೋಲಿನ ಕಥೆ ಹೇಳಿರಿ. ಸಾಧ್ಯವಾದರೆ ಒಂದು ಬುಗುರಿಗೆ ಹಗ್ಗ ಸುತ್ತಿ ತೋರಿಸಿರಿ. ಸೋತರೆ ನಗಿರಿ. ಅಪ್ಪನೂ ಸೋಲುತ್ತಾನೆ, ಸೋತೂ ನಗುತ್ತಾನೆ ಎಂಬುದು ಮಗುವಿಗೆ ದೊಡ್ಡ ಪಾಠ.

ವರ್ಷದ ಹಂಗಾಮುಗಳೂ ಅವಕಾಶ ತರುತ್ತವೆ. ಮಣ್ಣೆತ್ತಿನ ಅಮಾವಾಸ್ಯೆಯ ದಿನಗಳಲ್ಲಿ ಕರಿಮಣ್ಣು ಕಲಸಿ ಎತ್ತು ಮಾಡುವ ಕೈಗಳನ್ನು ನೋಡಿರಿ: ಅಪ್ಪ ಕೋಡು ತಿದ್ದಿದರೆ ಮಗ ಬಾಲ ಹಚ್ಚುತ್ತಾನೆ. ಪಂಚಮಿಯ ಹೊತ್ತಿಗೆ ಬೇವಿನ ಮರಕ್ಕೆ ಜೋಕಾಲಿ ಕಟ್ಟುವುದು, ಹಗ್ಗ ಗಟ್ಟಿಯಿದೆಯೇ ಎಂದು ಮೊದಲು ತಾನೇ ಕೂತು ನೋಡುವುದು ಅಪ್ಪನ ಕೆಲಸ. ಸಂಕ್ರಾಂತಿಯ ಆಸುಪಾಸು ಬಿಳಿಜೋಳ ಹಾಲುತುಂಬಿದಾಗ ಹೊಲದಲ್ಲೇ ಕುಳ್ಳಿನ ಬೆಂಕಿ ಮಾಡಿ ಸೀತನಿ ಸುಟ್ಟು, ಬಿಸಿಬಿಸಿಯಾಗಿ ಬಡಿದು, ಬೆಲ್ಲದ ಜೊತೆ ತಿನ್ನುವ ಸುಖಕ್ಕೆ ಖರ್ಚೇನಿದೆ? ಎಳೆಗಡಲೆ ಗಿಡ ಕಿತ್ತು ಬದುವಿನ ಮೇಲೆ ಕೂತು ಸುಲಿದು ತಿನ್ನುವುದಕ್ಕೆ ಯಾವ ಟಿಕೆಟ್ಟು ಬೇಕು?

ಒಂದು ರಜಾದಿನ ಬುತ್ತಿ ಕಟ್ಟಿಕೊಂಡು ಹೊರಡಿರಿ. ಸಂಗೊಳ್ಳಿ ನಮ್ಮ ಬೈಲಹೊಂಗಲ ತಾಲೂಕಿನದೇ ಊರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣ ಹುಟ್ಟಿದ್ದು ಅಲ್ಲಿ. 1829ರಲ್ಲಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡ ರಾಣಿ ಚೆನ್ನಮ್ಮಳ ಸಮಾಧಿ ಪಟ್ಟಣದಲ್ಲೇ ಇದೆ. ಅತ್ತ ಕಿತ್ತೂರಿನ ಕೋಟೆ, ಇತ್ತ ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು. ಪುಸ್ತಕದಲ್ಲಿ ಓದಿದ ಹೆಸರನ್ನು ಅಪ್ಪನ ಬೆರಳು ಹಿಡಿದು ನೋಡಿದ ಮಗು ಅದನ್ನು ಮರೆಯುವುದಿಲ್ಲ; ಬೆರಳನ್ನೂ ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಜೊತೆಗೆ ಕರೆದೊಯ್ಯುವುದೆಂದರೆ ಕೂಲಿಯಾಳಿನ ಬದಲು ಮಗುವನ್ನು ದುಡಿಸುವುದಲ್ಲ. 14 ವರ್ಷದೊಳಗಿನ ಮಕ್ಕಳು ಮನೆಯ ಕೆಲಸಕ್ಕೆ ನೆರವಾಗುವುದಾದರೂ ಅದು ಶಾಲೆಯ ಹೊತ್ತಿನ ಹೊರಗೆ, ಅಪಾಯವಿಲ್ಲದ ಕೆಲಸದಲ್ಲಿ ಮಾತ್ರ ಎಂದು 2016ರ ತಿದ್ದುಪಡಿ ಕಾನೂನು ಹೇಳುತ್ತದೆ. ಬೆಳೆಗೆ ಔಷಧ ಹೊಡೆಯುವ ದಿನ ಮಕ್ಕಳು ಹೊಲದ ಹತ್ತಿರ ಬೇಡ. ಓಡುವ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಮಗುವನ್ನು ಕೂರಿಸುವುದು ಮುದ್ದಲ್ಲ, ಅಪಾಯ.

ಮಗಳು ದೊಡ್ಡವಳಾದಾಗ

ಇನ್ನೊಂದು ಮಾತನ್ನು ಬಿಚ್ಚಿ ಹೇಳಬೇಕು. ಚಿಕ್ಕವಳಿದ್ದಾಗ ಮಗಳನ್ನು ಹೆಗಲ ಮೇಲೆ ಹೊತ್ತು ಜಾತ್ರೆ ತೋರಿಸಿದ ತಂದೆ, ಆಕೆಗೆ ಹನ್ನೆರಡು ಹದಿಮೂರು ತುಂಬಿದೊಡನೆ ದೂರ ಸರಿಯುತ್ತಾನೆ. ಮಾತೆಲ್ಲ ತಾಯಿಯ ಮೂಲಕ. ಆಕೆಗೆ ಇದರ ಕಾರಣ ತಿಳಿಯದು. ತಾನು ಅಪ್ಪನಿಗೆ ಬೇಡವಾದೆನೆಂದು ಅಂದುಕೊಳ್ಳುತ್ತಾಳೆ. ಬೆಳೆದ ಮಗಳಿಗೆ ಹೆಗಲು ಬೇಡ, ಆದರೆ ಕಿವಿ ಬೇಕು. ಊಟಕ್ಕೆ ಕೂತಾಗ ಆಕೆಯ ಅಭಿಪ್ರಾಯ ಕೇಳಿರಿ. ಬ್ಯಾಂಕಿಗೆ, ಗೊಬ್ಬರದ ಅಂಗಡಿಗೆ ಹೋಗುವಾಗ ಜೊತೆಗೆ ಕರೆದೊಯ್ದು ಲೆಕ್ಕ ಆಕೆಯಿಂದಲೇ ಮಾಡಿಸಿರಿ. ತಂದೆಯಿಂದ ಗೌರವ ಪಡೆದವಳು ಹೊರಗಿನವರ ಅಗೌರವವನ್ನು ಬೇಗ ಗುರುತಿಸುತ್ತಾಳೆ.

"ನನಗೆ ಪುರುಸೊತ್ತಿಲ್ಲ"

2015ರ ಜನವರಿ 28ರಂದು ಪೋಪ್ ಫ್ರಾನ್ಸಿಸರು ತಂದೆಯಂದಿರ ಬಗ್ಗೆ ಉಪದೇಶಿಸುತ್ತಾ, ತಾವು ಬ್ಯೂನಸ್ ಐರಿಸಿನಲ್ಲಿ ಧರ್ಮಾಧ್ಯಕ್ಷರಾಗಿದ್ದಾಗಿನ ಅನುಭವ ಹೇಳಿದರು. ಮಕ್ಕಳ ಜೊತೆ ಆಡುತ್ತೀರಾ ಎಂದು ಅವರು ತಂದೆಯಂದಿರನ್ನು ಕೇಳುತ್ತಿದ್ದರಂತೆ. ಬಹುಪಾಲು ಉತ್ತರ, ಕೆಲಸ ಬಹಳ, ಆಗುವುದಿಲ್ಲ ಎಂದು. ದೂರದ ಅರ್ಜೆಂಟೀನಾದ ತಂದೆಯೂ ನಮ್ಮೂರ ತಂದೆಯೂ ಹೇಳುವುದು ಒಂದೇ ಮಾತು!

ಕೆಲಸ ನಿಜ. ಆದರೆ ಕೆಲಸ ಮುಗಿದ ಮೇಲಿನ ಹೊತ್ತು ಎಲ್ಲಿ ಹೋಗುತ್ತದೆ? ಚಹಾದಂಗಡಿಯ ಕಟ್ಟೆಯಲ್ಲಿ, ಮೊಬೈಲಿನಲ್ಲಿ, ಕೆಲವು ಮನೆಗಳಲ್ಲಿ ಸಾರಾಯಿಯಲ್ಲಿ. ಕುಡಿದು ಬಂದ ತಂದೆ ಮಿಠಾಯಿ ತಂದರೂ ಮಗು ಮೊದಲು ಆತನ ಮುಖ ನೋಡುತ್ತದೆ, ಆಮೇಲೆ ಮಿಠಾಯಿ. ದಿನವೂ ಅರ್ಧ ತಾಸು ಮೊಬೈಲನ್ನು ಮಾಡದಲ್ಲಿ ಇಟ್ಟು ಮಕ್ಕಳ ಜೊತೆ ನೆಲದ ಮೇಲೆ ಕೂರುವುದು ಯಾರಿಗೂ ಸಾಧ್ಯ. ಗೋವಾಕ್ಕೋ ಪುಣೆಗೋ ದುಡಿಯಲು ಹೋದ ತಂದೆಯಾದರೆ, ದಿನವೂ ಒಂದೇ ಹೊತ್ತಿಗೆ ಕರೆ ಮಾಡಿ ಒಬ್ಬೊಬ್ಬ ಮಗುವಿನೊಡನೆ ಬೇರೆ ಬೇರೆಯಾಗಿ ಮಾತಾಡಲಿ. ಬುದ್ಧಿವಾದ ಕಡಿಮೆ, ಸಂಗತಿ ಹೆಚ್ಚು ಇರಲಿ.

ಮಕ್ಕಳನ್ನು ನೋಡಿಕೊಳ್ಳುವುದು ಹೆಂಗಸರ ಕೆಲಸ ಎನ್ನುವವರಿದ್ದಾರೆ. 1970ರ ದಶಕದಲ್ಲಿ ಮೈಕಲ್ ಲ್ಯಾಂಬ್ ಎಂಬ ಮನಶ್ಶಾಸ್ತ್ರಜ್ಞರು ಎಳೆಮಕ್ಕಳನ್ನು ಅವರವರ ಮನೆಗಳಲ್ಲೇ ಗಮನಿಸಿ, ಮಗು ತಾಯಿಗೆ ಮಾತ್ರವಲ್ಲ ತಂದೆಗೂ ಅಂಟಿಕೊಳ್ಳುತ್ತದೆ ಎಂದು ತೋರಿಸಿಕೊಟ್ಟರು. 1974ರಲ್ಲೇ ಸ್ವೀಡನ್ ದೇಶ ಮಗುವಿನ ಆರೈಕೆಯ ರಜೆಯನ್ನು ತಂದೆಗೂ ತೆರೆಯಿತು. ನಮ್ಮ ಸಂತ ಪೌಲರಂತೂ ಮಕ್ಕಳ ಮನಸ್ಸು ಕುಗ್ಗದಂತೆ ಎಚ್ಚರಿಕೆಯಿಂದ ನಡೆಯಬೇಕೆಂದು ಕೊಲೊಸ್ಸೆಯರಿಗೆ (3:21) ಬರೆದದ್ದು ತಂದೆಯಂದಿರನ್ನೇ ಉದ್ದೇಶಿಸಿ.

ತಂದೆ ಇಲ್ಲದ ಮನೆಗಳೂ ನಮ್ಮ ನಡುವೆ ಇವೆ. ಕಾಕಾ, ಸೋದರಮಾವ, ಅಜ್ಜ, ಜ್ಞಾನಸ್ನಾನದ ತಂದೆ ಇವರಿಗೆ ಈ ಲೇಖನದ ಪ್ರತಿಯೊಂದು ಮಾತೂ ಸಲ್ಲುತ್ತದೆ. ಸಂತ ಜೋಸೆಫರೂ ಸಾಕುತಂದೆಯೇ ಅಲ್ಲವೆ? ನಿಮ್ಮ ಮಕ್ಕಳನ್ನು ಅಣೆಕಟ್ಟು ನೋಡಲು ಕರೆದೊಯ್ಯುವಾಗ ಪಕ್ಕದ ಮನೆಯ ಆ ಹುಡುಗನಿಗೂ ಒಂದು ಜಾಗ ಇರಲಿ.

ಮನೆಯಲ್ಲಿ ಕೂಡಿ ಚಿಂತಿಸಲು

1. ನಾನು ಮನೆಗೆ ಬಂದೊಡನೆ ಮಕ್ಕಳು ಹತ್ತಿರ ಬರುತ್ತಾರೋ, ದೂರ ಸರಿಯುತ್ತಾರೋ?
2. ಕೆಲಸ ಹೇಳುವುದನ್ನೂ ಬೈಯುವುದನ್ನೂ ಬಿಟ್ಟು ಈ ವಾರ ಮಕ್ಕಳೊಡನೆ ಏನು ಮಾತಾಡಿದೆ?
3. ನನ್ನ ಮಗುವಿನ ಆಪ್ತ ಗೆಳೆಯ ಅಥವಾ ಗೆಳತಿಯ ಹೆಸರು ನನಗೆ ಗೊತ್ತೆ?
4. ತಾಯಂದಿರಿಗೆ: "ನಿಮ್ಮಪ್ಪ ಬರಲಿ" ಎಂಬ ಮಾತನ್ನು ಬೆದರಿಕೆಯಾಗಿ ಬಳಸದೆ, ಸಂತೋಷದ ಸುದ್ದಿಯಾಗಿ ಹೇಳಲು ಸಾಧ್ಯವೆ?

ಈ ವಾರದ ಸಂಕಲ್ಪ: ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ಒಂದು ತಾಸು ಮಕ್ಕಳದು. ಆ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಅವರೇ ಹೇಳಲಿ, ನೀವು ಮಾಡಿರಿ.