ಶಾಪಿಂಗ್‌ಗೆ ಹೋದಾಗ ದೇಣಿಗೆ ಕೇಳಿದರೆ? ಮುಲಾಜಿಗೆ ಬೀಳದಿರಲು 9 ಸೂತ್ರಗಳು

ಶನಿವಾರ ಸಂಜೆ ಬೆಂಗಳೂರಿನ ಯಾವುದಾದರೂ ದೊಡ್ಡ ಮಾಲ್‌ಗೆ ಹೋಗಿ. ಎಸ್ಕಲೇಟರ್ ಇಳಿಯುವ ಜಾಗದಲ್ಲೇ ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗ ಹುಡುಗಿಯರು ನಿಂತಿರುತ್ತಾರೆ. "ಸರ್, ಒಂದೇ ನಿಮಿಷ!" ಬಿಲ್ಲಿಂಗ್ ಕೌಂಟರ್‌ಗೆ ಬಂದರೆ "ಮಕ್ಕಳ ಊಟಕ್ಕೆ ಹತ್ತು ರೂಪಾಯಿ ಸೇರಿಸ್ಲಾ ಮೇಡಂ?" ರಾತ್ರಿ ಮನೆಯಲ್ಲಿ ಊಟ ಆರ್ಡರ್ ಮಾಡಿದರೆ ಆ್ಯಪ್‌ನಲ್ಲೂ ದೇಣಿಗೆಯ ಸಾಲು. ಒಂದು ಜೊತೆ ಶೂ ತರಲು ಹೋದವರು ಅಷ್ಟೂ ಕಡೆ ಉತ್ತರ ಕೊಟ್ಟು, ಏನೋ ತಪ್ಪು ಮಾಡಿದವರಂತೆ ಮಲಗುತ್ತಾರೆ.

ಈ ಮುಜುಗರ ಒಂದು ಅಭ್ಯಾಸ. ಪ್ರಯತ್ನಪಟ್ಟರೆ ಬಿಡಬಹುದು. ದಾನ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಷ್ಟು, ಯಾರಿಗೆ, ಯಾವಾಗ ಎಂಬುದನ್ನು ಎಸ್ಕಲೇಟರ್ ಪಕ್ಕದ ಮೂವತ್ತು ಸೆಕೆಂಡಿನಲ್ಲಿ ತೀರ್ಮಾನಿಸಬೇಡಿ. ಮನೆಯಲ್ಲಿ ಕೂತು ತೀರ್ಮಾನಿಸಿ. ಉಳಿದದ್ದೆಲ್ಲ ಅಲ್ಲಿಂದ ಸಲೀಸು.

1. ಮೊತ್ತವನ್ನು ಮೊದಲೇ ಫಿಕ್ಸ್ ಮಾಡಿ

ಸಂಬಳ ಬಂದ ದಿನವೇ ಬಾಡಿಗೆ, ಇಎಂಐ, ಎಸ್‌ಐಪಿ ಜೊತೆಗೆ "ದೇಣಿಗೆ" ಅಂತ ಒಂದು ಸಾಲು ಬರೆಯಿರಿ. ಕೈಗೆ 30,000 ರೂಪಾಯಿ ಬರುತ್ತಿದ್ದರೆ ಶೇ 2 ಅಂದರೆ 600. ವರ್ಷಕ್ಕೆ 7,200. ಹಾಸಿಗೆ ಇದ್ದಷ್ಟು ಕಾಲು ಚಾಚಿದರೂ ಇದು ಸಣ್ಣ ಮೊತ್ತವಲ್ಲ. ಊರಿನ ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳಿಗೆ ನೋಟ್‌ಬುಕ್ ಆಗುತ್ತದೆ. ಬರುವುದು ಗೊತ್ತಿರುವ ಖರ್ಚನ್ನೂ ಇದರಲ್ಲೇ ಸೇರಿಸಿ. ಗಣೇಶನ ಹಬ್ಬದ ಚಂದಾ ಬಂದೇ ಬರುತ್ತದೆ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ನಡೆಯುತ್ತಿದೆ. ದೇಣಿಗೆ ಕೇಳುತ್ತಾ ಅದರ ಪುಟ್ಟ ಧ್ವಜ ಕಾಲೇಜಿಗೂ ಆಫೀಸಿಗೂ ಬರಬಹುದು.

ವಿದ್ಯಾರ್ಥಿಯಾ? ದುಡ್ಡಿಲ್ಲವಾ? ರಕ್ತ ಕೊಡಿ. 18 ದಾಟಿ, 45 ಕೆ.ಜಿ. ತೂಕವಿದ್ದು, ಆರೋಗ್ಯವಾಗಿದ್ದರೆ ಸಾಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು.

2. ಒಂದು ವಾಕ್ಯ ಬಾಯಿಪಾಠ ಮಾಡಿ

"ನಾನು ಈಗಾಗ್ಲೇ ಬೇರೆ ಕಡೆ ಕೊಡ್ತಿದ್ದೀನಿ, ಥ್ಯಾಂಕ್ಸ್." ಇಷ್ಟೇ. ಮೊದಲ ಸೂತ್ರ ಪಾಲಿಸಿದ್ದರೆ ಇದು ನಿಜ ಕೂಡ.

"ಅರ್ಜೆಂಟ್ ಇದೆ", "ವಾಲೆಟ್ ತಂದಿಲ್ಲ", "ಮುಂದಿನ ವಾರ ನೋಡೋಣ" ಎನ್ನುವ ನೆಪಗಳನ್ನು ಬಿಡಿ. ನೆಪ ಹೇಳಿದ ಕೂಡಲೇ ಅದಕ್ಕೊಂದು ಉತ್ತರ ಸಿದ್ಧವಾಗಿರುತ್ತದೆ. ವಾಲೆಟ್ ಇಲ್ಲವಾ, ಕ್ಯೂಆರ್ ಇದೆ. ಅರ್ಜೆಂಟಾ, ಎರಡೇ ನಿಮಿಷ. ಮುಂದಿನ ವಾರವಾ, ನಂಬರ್ ಕೊಡಿ. ಹೀಗೆ ಮಾತು ಬೆಳೆದಷ್ಟೂ ಇಲ್ಲ ಅನ್ನುವುದು ಕಷ್ಟವಾಗುತ್ತದೆ. ಕಣ್ಣಲ್ಲಿ ಕಣ್ಣಿಟ್ಟು, ನಗುಮುಖದಲ್ಲಿ, ಒಂದೇ ಸಲ ಹೇಳಿ, ನಡೆಯುತ್ತಲೇ ಇರಿ.

ಒರಟಾಗಿ ಮಾತ್ರ ಹೇಳಬೇಡಿ. ಟ್ಯಾಬ್ ಹಿಡಿದು ನಿಂತವರಲ್ಲಿ ಅನೇಕರು ನಿಮ್ಮಂತೆಯೇ ಡಿಗ್ರಿ ಮುಗಿಸಿ, ಟಾರ್ಗೆಟ್ ಹೊತ್ತು, ದಿನವಿಡೀ ನಿಂತೇ ದುಡಿಯುವವರು. ಬೇಗ, ಸ್ಪಷ್ಟವಾಗಿ ಬಂದ "ಇಲ್ಲ" ಅವರ ಸಮಯವನ್ನೂ ಉಳಿಸುತ್ತದೆ. ಹತ್ತು ನಿಮಿಷ ಕೇಳಿಸಿಕೊಂಡು ಕೊನೆಗೆ ಜಾರಿಕೊಳ್ಳುವ ದಾಕ್ಷಿಣ್ಯದಿಂದ ಇಬ್ಬರಿಗೂ ನಷ್ಟ.

3. ಇನ್ನೊಂದು ಬಾಗಿಲು ಹುಡುಕಬೇಡಿ

ಅಮೆರಿಕದ ಬಾಸ್ಟನ್ ಬಳಿಯ ಒಂದು ಸೂಪರ್‌ಮಾರ್ಕೆಟ್‌ನಲ್ಲಿ 2009ರ ಕ್ರಿಸ್‌ಮಸ್ ಹೊತ್ತಿಗೆ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಸಾಲ್ವೇಶನ್ ಆರ್ಮಿ ಎಂಬ ಸೇವಾ ಸಂಸ್ಥೆಯ ಸ್ವಯಂಸೇವಕರು ಬಾಗಿಲಲ್ಲಿ ಗಂಟೆ ಬಾರಿಸುತ್ತಾ ನಿಂತರು. ಬಾಯಿಬಿಟ್ಟು "ದಯವಿಟ್ಟು ಕೊಡಿ" ಎಂದು ಕೇಳತೊಡಗಿದಾಗ ಎರಡು ಸಂಗತಿ ಕಂಡವು. ದೇಣಿಗೆ ಏರಿತು. ಜೊತೆಗೇ, ಹೆಚ್ಚು ಕಡಿಮೆ ಮೂರರಲ್ಲಿ ಒಂದು ಪಾಲು ಗಿರಾಕಿಗಳು ಸುತ್ತು ಬಳಸಿ ಬೇರೆ ಬಾಗಿಲಿನಿಂದ ಓಡಾಡಿದರು.

ಅಂದರೆ ಈ ಹಿಂಜರಿಕೆ ನಿಮ್ಮೊಬ್ಬರದ್ದಲ್ಲ. ಆದರೂ ಫೋನ್ ಕಿವಿಗಿಟ್ಟುಕೊಂಡು ಮಾತಾಡುವಂತೆ ನಟಿಸಬೇಡಿ. ನೇರ ಬಾಗಿಲಲ್ಲೇ ಹೋಗಿ, ಸೂತ್ರ 2ರ ವಾಕ್ಯ ಹೇಳಿ. ಇಲ್ಲಿ ತಪ್ಪಿಸಿಕೊಂಡು ಓಡುವವರು ನಾಳೆ ಬಾಸ್ ಭಾನುವಾರ ಕೆಲಸಕ್ಕೆ ಕರೆದಾಗಲೂ, ಗೆಳೆಯ ಸಾಲಕ್ಕೆ ಜಾಮೀನು ಕೇಳಿದಾಗಲೂ ಓಡುತ್ತಾರೆ. ಮಾಲ್‌ನ ಬಾಗಿಲು ನಿಮ್ಮ ಉಚಿತ ಪ್ರಾಕ್ಟೀಸ್ ಗ್ರೌಂಡ್.

4. "ಸುಮ್ನೆ ಒಂದು ಸಹಿ" ಎಂದಾಗ ಎಚ್ಚರ

"ದುಡ್ಡೇನೂ ಬೇಡ ಸರ್, ಜಾಗೃತಿ ಅಭಿಯಾನ ಅಷ್ಟೆ. ಇಲ್ಲೊಂದು ಸಹಿ, ಕೆಳಗೆ ಮೊಬೈಲ್ ನಂಬರ್." ಸಣ್ಣದಕ್ಕೆ ಒಪ್ಪಿದವರು ದೊಡ್ಡದಕ್ಕೂ ಒಪ್ಪುತ್ತಾರೆ ಎಂಬುದು ಹಳೆಯ ತಂತ್ರ. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಮನಶ್ಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದಲ್ಲಿ ಇದನ್ನು ಪರೀಕ್ಷಿಸಿದರು. "ಎಚ್ಚರದಿಂದ ವಾಹನ ಚಲಾಯಿಸಿ" ಎಂಬ ದೊಡ್ಡ ಬೋರ್ಡನ್ನು ನಿಮ್ಮ ಅಂಗಳದಲ್ಲಿ ನಿಲ್ಲಿಸಲೇ ಎಂದು ನೇರವಾಗಿ ಕೇಳಿದಾಗ ಒಪ್ಪಿದವರು ಶೇ 17 ಮಂದಿ. ಮೊದಲೇ ಅದೇ ವಿಷಯದ ಪುಟ್ಟ ಫಲಕಕ್ಕೆ ಒಪ್ಪಿದ್ದವರಲ್ಲಿ ಶೇ 76 ಮಂದಿ ಹೂಂ ಎಂದರು!

ವಿಷಯ ಮನಸ್ಸಿಗೆ ಹಿಡಿಸಿದರೆ ಸಹಿ ಮಾಡಿ. ನಂಬರ್ ಜಾಗ ಖಾಲಿ ಬಿಡಿ.

5. ದಿನದ ಲೆಕ್ಕವನ್ನು ವರ್ಷಕ್ಕೆ ಗುಣಿಸಿ

"ದಿನಕ್ಕೆ ಬರೀ 27 ರೂಪಾಯಿ, ಎರಡು ಟೀ ದುಡ್ಡು." ಕೇಳಲು ಹಗುರ. ಫೋನ್ ತೆಗೆದು 365ರಿಂದ ಗುಣಿಸಿ: 9,855. ಈಗ ಕೇಳಿಕೊಳ್ಳಿ, ಇಷ್ಟು ಕೊಡಬಲ್ಲೆನಾ?

ಕಾರ್ಡ್ ನಂಬರ್ ಅಥವಾ ಒಟಿಪಿಯನ್ನು ನಿಂತ ಜಾಗದಲ್ಲಿ, ಬೇರೆಯವರ ಟ್ಯಾಬ್‌ನಲ್ಲಿ ಹಾಕಬೇಡಿ. ಅದು ಒಂದು ಸಲದ ದೇಣಿಗೆಗೋ ಪ್ರತಿ ತಿಂಗಳ ಮ್ಯಾಂಡೇಟಿಗೋ ಎಂದು ಮೊದಲು ಕೇಳಿ. ಮ್ಯಾಂಡೇಟ್ ಆದರೆ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ. ದುಡ್ಡು ತಾನಾಗಿ ಕಟ್ ಆಗುತ್ತದೆ. ಕಾರ್ಡ್ ಮತ್ತು ಯುಪಿಐ ಆಟೊಪೇಯಲ್ಲಿ ಕನಿಷ್ಠ 24 ಗಂಟೆ ಮೊದಲು ಮೆಸೇಜ್ ಬರಬೇಕೆಂಬುದು ಆರ್‌ಬಿಐ ನಿಯಮ. ಆ ಮೆಸೇಜನ್ನು ಜಾಹೀರಾತು ಎಂದು ಅಳಿಸಬೇಡಿ. ಬೇಡವಾದರೆ ಯುಪಿಐ ಆ್ಯಪ್‌ನ ಆಟೊಪೇ ವಿಭಾಗಕ್ಕೋ ಬ್ಯಾಂಕಿನ ಸೈಟಿಗೋ ಹೋಗಿ ಇವತ್ತೇ ರದ್ದು ಮಾಡಿ.

6. ಆ್ಯಪ್‌ನ ಟಿಕ್ ತೆಗೆಯಲು ನಾಚಬೇಡಿ

ಇಲ್ಲಿ ಕಾನೂನು ನಿಮ್ಮ ಪರ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಗ್ರಾಹಕರನ್ನು ದಾರಿ ತಪ್ಪಿಸುವ ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 13 ಬಗೆಯ ಚಾಲಾಕಿತನಗಳ ಪಟ್ಟಿ ಇದೆ. ಗ್ರಾಹಕರ ಒಪ್ಪಿಗೆ ಇಲ್ಲದೆ ಚೆಕ್‌ಔಟ್ ಹೊತ್ತಿಗೆ ಬಿಲ್ಲಿಗೆ ಏನನ್ನಾದರೂ ಸೇರಿಸುವುದು ಬಾಸ್ಕೆಟ್ ಸ್ನೀಕಿಂಗ್. ದೇಣಿಗೆಯನ್ನೂ ಅಲ್ಲಿ ಹೆಸರಿಸಿಯೇ ಹೇಳಿದೆ. ಬೇಡ ಎನ್ನುವವರಿಗೆ ನಾಚಿಕೆ ಹುಟ್ಟಿಸುವ ಮಾತು ಬಳಸುವುದು ಕನ್ಫರ್ಮ್ ಶೇಮಿಂಗ್. ದಾನ ಶ್ರೀಮಂತರ ಕೆಲಸ, ನನಗೇನು ಎಂಬರ್ಥದ ಸಾಲನ್ನು ಒತ್ತಿಯೇ ದೇಣಿಗೆ ಬೇಡ ಎನ್ನಬೇಕಾದ ಸ್ಥಿತಿಯನ್ನು ಮಾರ್ಗಸೂಚಿ ಉದಾಹರಣೆಯಾಗಿಯೇ ಕೊಟ್ಟಿದೆ. ಒಳ್ಳೆಯ ಕೆಲಸದ ಹೆಸರಲ್ಲಿ ಜನರನ್ನು ಹೀಗೆ ಕುಗ್ಗಿಸುವುದು ನನಗೆ ಅತ್ಯಂತ ಬೇಸರ ತರುವ ಸಂಗತಿ. ಕೊಡುವವರ ಮನಸ್ಸು ಕಹಿಯಾದರೆ ಮುಂದೆ ನಿಜವಾದ ಸಂಸ್ಥೆಗಳಿಗೂ ಪೆಟ್ಟು.

ಪೇ ಒತ್ತುವ ಮುನ್ನ ಬಿಲ್ಲನ್ನು ಕೊನೆಯವರೆಗೂ ಸ್ಕ್ರೋಲ್ ಮಾಡಿ. ನೀವು ಸೇರಿಸದ ಸಾಲಿದ್ದರೆ ತೆಗೆಯಿರಿ. ತೆಗೆಯಲು ಬಿಡದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

7. ಕ್ಯೂ ನೋಡಿ ಕೊಡಬೇಡಿ

487 ರೂಪಾಯಿ ಬಿಲ್. "500 ರೌಂಡ್ ಮಾಡ್ಲಾ?" ಹಿಂದೆ ನಾಲ್ಕು ಜನ ನಿಂತಿದ್ದಾರೆ, ಅವರೇನಂದುಕೊಳ್ಳುತ್ತಾರೋ ಎಂಬ ಅಳುಕು. ಅವರೆಲ್ಲ ತಮ್ಮ ಟ್ರಾಲಿ, ತಮ್ಮ ಪಾರ್ಕಿಂಗ್ ಚಿಂತೆಯಲ್ಲಿದ್ದಾರೆ. "ಬೇಡ, 487 ಮಾಡಿ" ಅನ್ನಿ. ಕೊಡುವ ಮನಸ್ಸಿದ್ದರೆ ಹಣ ಯಾವ ಸಂಸ್ಥೆಗೆ ಹೋಗುತ್ತದೆ, ರಸೀದಿಯಲ್ಲಿ ಬರುತ್ತದಾ ಎಂದು ಕೇಳಿ, ಕೊಡಿ.

8. ಜಾಗೃತಿಯನ್ನು ಕೆಲಸಕ್ಕೆ ಇಳಿಸಿ

ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿ ಮಾಸ; ನೀರಿನ ಬಾಟಲಿಯಿಂದ ಟೀ ಶರ್ಟ್‌ವರೆಗೆ ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಪ್ಯಾಕ್ ತಿರುಗಿಸಿ ಓದಿ. ಎಷ್ಟು ಹಣ, ಯಾರಿಗೆ ಎಂದು ಬರೆದಿಲ್ಲವೆಂದರೆ ಅದು ಬರೀ ಗುಲಾಬಿ ಬಾಟಲಿ. ಬೇಕಿದ್ದರೆ ನೀರು ಕುಡಿಯಲು ಕೊಳ್ಳಿ.

ಆ ಗುಲಾಬಿ ಬಣ್ಣ ನೋಡಿ ಅಮ್ಮನ ನೆನಪಾಯಿತಾ? ಫೋನ್ ಮಾಡಿ. 30 ದಾಟಿದವರಿಗೆ ಬಿಪಿ, ಶುಗರ್ ಜೊತೆಗೆ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆಯೂ ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ ಸೇರಿದೆ. ಮುಂದಿನ ಸಲ ಊರಿಗೆ ಹೋದಾಗ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅವರನ್ನು ನೀವೇ ಕರೆದುಕೊಂಡು ಹೋಗಿ.

9. ಮನಸ್ಸು ಕರಗಿತಾ? ಹೆಸರು ಬರೆದುಕೊಂಡು ಬನ್ನಿ

ಕೆಲವೊಮ್ಮೆ ಆ ಟ್ಯಾಬ್‌ನಲ್ಲಿನ ಮಗುವಿನ ಮುಖ ನಿಜಕ್ಕೂ ಕಾಡುತ್ತದೆ. ಕಾಡಲಿ. ಸಂಸ್ಥೆಯ ಹೆಸರು ಬರೆದುಕೊಂಡು ಮನೆಗೆ ಬನ್ನಿ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್‌ನಲ್ಲಿ ಹುಡುಕಿ. ಅಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸ ಚೆನ್ನಾಗಿದೆ ಎಂದಲ್ಲ, ಹಾಗಾಗಿ ಸಂಸ್ಥೆಯ ವಾರ್ಷಿಕ ವರದಿ ತೆರೆದು ಖರ್ಚಿನ ಪುಟ ನೋಡಿ. ಎರಡು ದಿನ ಕಳೆದ ಮೇಲೂ ಕೊಡಬೇಕೆನಿಸಿದರೆ ಸಂಸ್ಥೆಯದೇ ಸೈಟಿನಿಂದ ನೇರವಾಗಿ ಕಳಿಸಿ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ದೇಣಿಗೆಗೆ ತೆರಿಗೆ ವಿನಾಯಿತಿ ಕೇಳಬಹುದು. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಕೊಟ್ಟರೆ ಆ ಲಾಭ ಸಿಗುವುದಿಲ್ಲ. ಸಂಸ್ಥೆಯಿಂದ ದೇಣಿಗೆ ಪ್ರಮಾಣಪತ್ರ ತರಿಸಿಕೊಂಡು ಅವತ್ತೇ ಒಂದು ಫೋಲ್ಡರ್‌ಗೆ ಹಾಕಿಡಿ. ರಿಟರ್ನ್ಸ್ ಸಲ್ಲಿಸುವಾಗ ಆಡಿಟರ್ ಮೊದಲು ಕೇಳುವುದು ಅದನ್ನೇ.